ಏಳನೆಯ ಗಂಟೆ

“ಹಳೇ ತಾಮ್ರವನ್ನೆಲ್ಲ ಕಿತ್ತುಬಿಡು” ಅಂದರು ವಕೀಲರು.
ಬಫಲೋ ಪಟ್ಟಣ, ಡೆಲವೇರ್ ಅವೆನ್ಯೂ,
ಕಂದುಗಲ್ಲಿನ ಗೋಪುರದ ಮನೆ;
ಹೊರಗೆ ಮೊಣಕಾಲುದ್ದ ಹಿಮ,
ಒಳಗೆ ನಾನು, ನನ್ನ ಇಕ್ಕಳ, ಫ್ಲಾಸ್ಕಿನ ಕಾಫಿ.

ನೆಲಮಾಳಿಗೆಯ ಅಡುಗೆಮನೆ. ಗೋಡೆಗೊಂದು ಹಲಗೆ,
ಹಲಗೆಯ ಮೇಲೆ ಸಾಲಾಗಿ ಒಂಬತ್ತು ಗಂಟೆ,
ಒಂದೊಂದಕ್ಕೂ ಬಸವನಹುಳುವಿನಂತೆ ಸುತ್ತಿಕೊಂಡ ಸ್ಪ್ರಿಂಗು.
ಕೆಳಗೆ ಬಿಳಿ ಅಕ್ಷರ: ಊಟದ ಕೋಣೆ, ಪುಸ್ತಕದ ಕೋಣೆ,
ಯಜಮಾನ, ಯಜಮಾನಿ. ಬೇರೆ ಬೇರೆ,
ನಡುವೆ ಮೂರು ಗಂಟೆ ದೂರ.
ಏಳನೆಯದರ ಹೆಸರನ್ನು ಯಾರೋ ಕೆರೆದುಹಾಕಿದ್ದಾರೆ.

ಕಟ್ಟಿಸಿದವನು ಗೋಧಿಯ ದಲ್ಲಾಳಿ, ಥ್ಯಾಡಿಯಸ್ ಪ್ರೂಯ್ನ್.
ಸರೋವರ ದಾಟಿ ಬಂದ ಹಡಗು ಹಡಗು ಕಾಳಿನಲ್ಲಿ
ಮೂಟೆಗೊಂದು ಹಿಡಿ ಅವನದು.
ಆ ಹಿಡಿಯೇ ಬಣ್ಣದ ಗಾಜಾಯಿತು, ಓಕ್ ಮರದ ಮೆಟ್ಟಿಲಾಯಿತು.
ಕೆಲಸದವಳಿಗೆ ಹಿಂದಿನ ಮೆಟ್ಟಿಲು, ಕಡಿದು, ಕತ್ತಲು;
ಕಲ್ಲಿದ್ದಲಿಗೂ ಅವಳಿಗೂ ಒಂದೇ ದಾರಿ.

ಹಲಗೆ ಸಡಿಲಿಸಿದೆ. ಹಿಂದೆ ಪೆನ್ಸಿಲು:
ಹನೋರಾ ಟಿಯರ್ನಿ, ಸಾವಿರದೆಂಟುನೂರ ತೊಂಬತ್ತೊಂದು.
ಅದರ ಕೆಳಗೆ ಗೀಟುಗಳು. ಏಳಕ್ಕೇ ಹೆಚ್ಚು.
ಫೆಬ್ರವರಿಯ ಒಂದು ರಾತ್ರಿ ನಲವತ್ತೊಂದು ಗೀಟು,
ಮರುದಿನದಿಂದ ಬರೀ ಮರ.
ಮಗುವೋ, ಮುದುಕಿಯೋ, ನನಗೆ ತಿಳಿಯದು.
ನಲವತ್ತೊಂದು ಸಲ ಮೂರು ಮಹಡಿ ಹತ್ತಿದ
ಕಾಲು ಮಾತ್ರ ತಿಳಿಯುತ್ತದೆ. ನನ್ನದೂ ಮೊಣಕಾಲೇ.

ಗೋಧಿ ಬೇರೆ ಬಂದರಿಗೆ ಹೋಯಿತು. ಪ್ರೂಯ್ನ್‌ನ ಮೊಮ್ಮಗ ಮನೆ ಮಾರಿದ.
ಆಮೇಲೆ ಉಕ್ಕಿನ ಕಾರ್ಖಾನೆಯ ಹದಿನಾಲ್ಕು ಗಂಡಸರು, ಒಂದು ಬಚ್ಚಲು.
ಹದಿನಾಲ್ಕರಲ್ಲಿ ನನ್ನಪ್ಪನೂ ಒಬ್ಬ. ಅವನೇ ಹೇಳುತ್ತಿದ್ದ:
ಬಿಸಿನೀರು ಮುಗಿದಾಗ ಒಂಬತ್ತೂ ಗಂಟೆ ಒಟ್ಟಿಗೇ ಬಡಿದುಕೊಂಡು
ಬಾಡಿಗೆಮನೆಯ ಒಡತಿ ಝೆಲೋಂಕಾ ಸೌಟು ಹಿಡಿದು ಬೈಯುತ್ತ ಬರುತ್ತಿದ್ದಳಂತೆ,
ಮುಂದಿನ ಮೆಟ್ಟಿಲು ಹತ್ತಿ.

ಆಮೇಲೆ ನೃತ್ಯಶಾಲೆ. ಆಮೇಲೆ ಹಲ್ಲಿನ ಡಾಕ್ಟರು.
ಬೀದಿಯ ಎಲ್ಮ್ ಮರಗಳು ರೋಗ ತಗುಲಿ ಉರುಳಿದವು;
ಬಾಯಿ ತೆರೆದು ಕೂತವರಿಗೆ ಕಿಟಕಿಯಲ್ಲಿ
ಮೊದಲ ಸಲ ಇಷ್ಟೊಂದು ಆಕಾಶ.

ತಂತಿ ಎಳೆದು ನೋಡಿದೆ, ಸುಮ್ಮನೆ.
ಏಳನೆಯದು ಒಮ್ಮೆ ಕೆಮ್ಮಿತು, ಅಷ್ಟೇ.
ಆದರೆ ಸದ್ದು ಸತ್ತ ಮೇಲೂ ಸ್ಪ್ರಿಂಗು ತೂಗುತ್ತಿರುತ್ತದೆ,
ಎಲ್ಲಿಂದ ಕರೆದರೆಂದು
ಕೈ ಒರೆಸಿಕೊಂಡು ಬಂದವಳಿಗೆ ಕಾಣಲೆಂದು
ಹಾಗೆ ಮಾಡಿದ್ದಾರೆ.

ತೂಗುವುದು ನಿಲ್ಲುವವರೆಗೂ ನಿಂತೆ. ಕಾಫಿ ಆರಿತು.

ಲೆಕ್ಕದ ಚೀಟಿಯಲ್ಲಿ ಬರೆದುಕೊಟ್ಟೆ:
ಅಡುಗೆಮನೆಯ ಗಂಟೆತಂತಿ ಬರೀ ಕಬ್ಬಿಣ,
ಕಿತ್ತರೆ ಕೂಲಿಯೂ ಹುಟ್ಟದು.

ತಾಮ್ರವೇ ಅದು.