ಅರ್ಧವಿರಾಮದ ಆಚೆ

ಓರ್ತಾದ ಟೆಲಿಫೋನು ಆಫೀಸಿನಲ್ಲಿ ಹನ್ನೊಂದು ವರ್ಷ
ಕಿವಿಗೆ ಕರಿ ಬಟ್ಟಲು ಕಟ್ಟಿಕೊಂಡು ಕೂತವಳು ನಾನು.
ಡಾಕ್ಟರ ಮನೆ ಎಂದರೆ ಹದಿನೇಳು,
ಮೀನಿನ ಕಾರ್ಖಾನೆ ನಲವತ್ತು,
‘ಆ ಸಿಡುಕು ಬಡಗಿ’ ಎಂದರೂ ಸಾಕಿತ್ತು, ತಂತಿ ಚುಚ್ಚುತ್ತಿದ್ದೆ.
ಹೆಸರು ಅವರದು, ನಂಬರು ನನ್ನದು.

ಈಗ ಅರವತ್ತೆಂಟು.
ಫೆತೇರಾ ಊರಿನ ಬ್ಯಾಂಡಿನ ಎದುಯಿನು ಬಂದು, ಟೋಪಿ ಬಿಚ್ಚಿ,
‘ಜುಲ್ಮೀರಾ, ನಮಗೊಂದು ಹೆಸರು ಕೊಂಡಿದ್ದೇವೆ,
ಅದು ಎಲ್ಲಿಗೂ ಹೋಗುತ್ತಿಲ್ಲ’ ಎಂದ,
ಕುದುರೆ ಕೊಂಡು ಹಗ್ಗ ಮರೆತು ಬಂದವನ ಹಾಗೆ.

ಬಾಡಿಗೆಗೆ ಹಿಡಿದೆ ಒಂದು ಸರ್ವರು.
ತಿಂಗಳಿಗೆ ನಾಲ್ಕು ಯೂರೋ. ಗೋಡೆಯಿಲ್ಲ, ಬಾಗಿಲಿಲ್ಲ,
ಜರ್ಮನಿಯ ಯಾವುದೋ ಗೋದಾಮಿನಲ್ಲಿ
ಯಾವುದೋ ಕಬ್ಬಿಣ ಕಾಣುತ್ತಿರುವ ಕನಸು ಅದು.
ಕನಸಿಗೂ ವಿಳಾಸವುಂಟು:
ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕೆ.

ಮೊದಲ ರಾತ್ರಿ ಕೊನೆಯ ಚುಕ್ಕೆ ಮರೆತೆ.
ಹೆಸರಿನ ತುದಿಗೆ ಸಾಸಿವೆಯಷ್ಟು ಇರಬೇಕು ಅದು,
‘ಇಲ್ಲಿಗೆ ಮುಗಿಯಿತು, ಇದರ ಮೇಲೆ ಬೇರು ಮಾತ್ರ’ ಎನ್ನಲು.
ಇಲ್ಲದಿದ್ದರೆ ಹೆಸರಿಗೆ ಹೆಸರು ಜೋತುಬೀಳುತ್ತದೆ,
ಕುಡಿದ ತುತ್ತೂರಿಯವನು ಊದಿದ ಸಾಲನ್ನೇ ಊದಿದಂತೆ.
ಬೆಳಗಿನ ನಾಲ್ಕಕ್ಕೆ ಕಣ್ಣಿಗೆ ಬಿತ್ತು.
ಒಬ್ಬೊಬ್ಬ ಸಂತನ ಹೆಸರು ಹಿಡಿದು ಬೈದುಕೊಂಡೆ.

ಆಮೇಲೆ ಇನ್ನೊಂದು ತಮಾಷೆ.
ಬ್ಯಾಂಡಿನ ಮನೆ ಎಲ್ಲಿ ಎಂದು ಯಾರನ್ನು ಕೇಳಬೇಕೋ
ಅವನ ಬಿಡಾರ ಬ್ಯಾಂಡಿನ ಮನೆಯೊಳಗೇ.
ಅವನನ್ನು ಹುಡುಕಲು ಅವನನ್ನೇ ಕೇಳಬೇಕು.
ಅದಕ್ಕೇ ಮೇಲಿನವರ ಬಾಗಿಲಿಗೆ ಒಂದು ಚೀಟಿ:
ಅವನು ಇಂಥಲ್ಲಿದ್ದಾನೆ, ಉಳಿದದ್ದು ಅವನೇ ಹೇಳುತ್ತಾನೆ.
ಅಂಟಿಸಿದೆ.

ಮೇಲಿನವರು ಅಂದರು, ಒಬ್ಬ ಸಾಲದು, ಇಬ್ಬರು ಬೇಕು,
ಒಬ್ಬ ಸತ್ತರೆ ಇನ್ನೊಬ್ಬ ಹೇಳಲು.
ನನ್ನಲ್ಲಿದ್ದದ್ದು ಒಂದೇ. ಅದಕ್ಕೇ ಎರಡು ವಿಳಾಸ ಕೊಟ್ಟು
ಎರಡು ಹೆಸರಿಟ್ಟೆ, ಎನ್ಎಸ್ ಒಂದು, ಎನ್ಎಸ್ ಎರಡು.
ನಮ್ಮ ಬಂದರಿನ ಹಳೆಯ ಕಾವಲುಗಾರನೂ ಹಾಗೇ ಇದ್ದ,
ಟೋಪಿ ಹಾಕಿದರೆ ಸುಂಕದವನು, ತೆಗೆದರೆ ಅಂಚೆಯವನು.
ಯಾರೂ ತಗಾದೆ ತೆಗೆಯಲಿಲ್ಲ.
ಫೆಬ್ರವರಿಯಲ್ಲಿ ಜರ್ಮನಿಯ ಕಬ್ಬಿಣಕ್ಕೆ ಎಚ್ಚರವಾಯಿತು.
ಇಬ್ಬರೂ ಒಟ್ಟಿಗೆ ಸತ್ತರು.

ನಮ್ಮನ್ನು ಬಲ್ಲವರು ಒಂದು ದಿನ ನೆನಪಿಟ್ಟುಕೊಂಡರು,
ನೆನಪಿಗೆ ಅಷ್ಟೇ ಆಯುಸ್ಸು ಬರೆದವಳು ನಾನೇ:
ಎಂಬತ್ತಾರು ಸಾವಿರದ ನಾನೂರು ಸೆಕೆಂಡು.
ಎದುಯಿನು ಏನೂ ಅನ್ನಲಿಲ್ಲ,
ದಾರಿಯಲ್ಲಿ ಸಿಕ್ಕಾಗ ಟೋಪಿ ಮಾತ್ರ ಬಿಚ್ಚಲಿಲ್ಲ.

ಇನ್ನೊಂದು ಯಂತ್ರ ಇದ್ದದ್ದು ಎಂಟು ಕಿಲೋಮೀಟರು ಕಡಲಾಚೆ
ಪೀಕು ದ್ವೀಪದಲ್ಲಿ, ತಂಗಿ ದೆಯೊಲಿಂದಾಳ ನೆಲಮಾಳಿಗೆಯಲ್ಲಿ,
ಚೀಸಿನ ಹಲಗೆಗಳ ಪಕ್ಕ.
ಅಮ್ಮನ ದ್ರಾಕ್ಷಿತೋಟದ ಕರಿಕಲ್ಲಿನ ಗೋಡೆ
ಒಂದು ಮೊಳ ಆಚೆಯೋ ಈಚೆಯೋ ಎಂದು
ಒಂಬತ್ತು ವರ್ಷದಿಂದ ಮಾತಿಲ್ಲ.
ಅವಳ ಮಗ ನಡುವೆ ನಿಂತು ಒಪ್ಪಿಸಿದ.
‘ಪ್ಲಗ್ಗು ಕೀಳುವುದಿಲ್ಲ’ ಎಂದಳಂತೆ. ಅಷ್ಟೇ.

ಈಗ ಮೂರು ಗಂಟೆಗೊಮ್ಮೆ ಅವಳದು ನನ್ನದನ್ನು ಕೇಳುತ್ತದೆ,
‘ಸಂಖ್ಯೆ ಬೆಳೆಯಿತೆ?’
ಬೆಳೆದಿದ್ದರೆ ಇಡೀ ಕಡತದ ನಕಲು ಹೊತ್ತು ದಾಟುತ್ತದೆ,
ಇಲ್ಲವಾದರೆ ಬರಿಗೈ.
ಕಿಟಕಿಯಲ್ಲಿ ಪೀಕಿನ ಬೆಟ್ಟ, ಅರ್ಧಕ್ಕೆ ಮೋಡ.
ಕೆಲವು ರಾತ್ರಿ ಒಂದಕ್ಷರವನ್ನೂ ಬದಲಿಸದೆ
ಸಂಖ್ಯೆಗೆ ಒಂದು ಕೂಡುತ್ತೇನೆ.
ಅದು ಬರಲಿ ಎಂದು.

ಅರ್ಧವಿರಾಮ ಹಾಕಿ ಅದರಾಚೆ ಏನು ಬರೆದರೂ
ಯಂತ್ರ ಓದುವುದಿಲ್ಲ, ಹೊರುವುದಿಲ್ಲ,
ಬರೆದವರ ಹತ್ತಿರವೇ ಉಳಿಯುತ್ತದೆ.
ನಿನ್ನೆ ಅಲ್ಲಿ ಬರೆದೆ:

; ಗೋಡೆ ಸರಿಸಿದ್ದು ನಾನೇ
; ಈ ಸಲದ ಚೀಸು ಹೇಗೆ ಕೂತಿದೆ

ಉಳಿಸಿದೆ. ಸಂಖ್ಯೆ ಬೆಳೆಸಿದೆ.
ಅವಳದು ಬಂತು,
ಒಯ್ಯುವಷ್ಟನ್ನು ಒಯ್ದಿತು.