ಒಣಗದ ಬೂಟು

ಬಫಲೋ ಊರು. ಸರೋವರದ ಗಾಳಿಗೆ ಬೆನ್ನು ಕೊಟ್ಟ ಅಂಗಡಿ.
ಎರಡು ಎತ್ತರದ ಕುರ್ಚಿ, ಒಂದು ಒಲೆ.
ಆಗ ನನಗೆ ಹನ್ನೆರಡು. ಕೆಲಸ:
ಕಂದು ಬೂಟನ್ನು ಕಪ್ಪು ಮಾಡುವುದು.

ಬಣ್ಣಕ್ಕೆ ಬೆರೆಸುವ ಎಣ್ಣೆ ಕಿಟಕಿಯ ಹಲಗೆಯ ಮೇಲೆ,
ಒಣಹುಲ್ಲಿನ ಹಳದಿ.
ನೀರಿಗೆ ಒಂದು ಹನಿ ಬಿಟ್ಟರೆ
ಬೇರೆ ಎಣ್ಣೆಗಳ ಹಾಗೆ ತೇಲುವುದಿಲ್ಲ,
ತಳಕ್ಕಿಳಿದು ಕೂರುತ್ತದೆ, ಕರಗದೆ, ಕದಲದೆ,
ಸಾಲ ಕೊಟ್ಟವನು ಜಗಲಿಯಲ್ಲಿ ಕೂತ ಹಾಗೆ.
ಅಕ್ಟೋಬರಿನಲ್ಲಿ, ಹೊರಗೆ ನೀರು ಇನ್ನೂ ನೀರಾಗಿರುವಾಗಲೇ,
ಸೀಸೆಯೊಳಗೆ ಅದು ಹರಳುಗಟ್ಟುತ್ತಿತ್ತು.
ಒಲೆಯ ಪಕ್ಕ ಇಟ್ಟು ಕರಗಿಸುವವನೂ ನಾನೇ.
ಬೇಡ ಎನ್ನಲು ಯಾರಿದ್ದರು?

ಮತ್ತೆ ಆ ವಾಸನೆ!
ಗಿರಾಕಿಗಳು ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದರು.
ಎಲ್ಲರೂ ಸಿಸಿಲಿಯವರು,
ಫೆಬ್ರವರಿಯಲ್ಲೇ ಬಾದಾಮಿ ಹೂಬಿಡುವ ಗುಡ್ಡದವರು.
"ಕಹಿಬಾದಾಮಿ," ಎನ್ನುತ್ತಿದ್ದ ಗಾಸ್ಪರೆ,
"ನನ್ನವ್ವ ಈಸ್ಟರಿಗೆ ಅರೆಯುತ್ತಿದ್ದಳಲ್ಲ, ಅದೇ."
ಹೂವಿಲ್ಲ, ಸಿಪ್ಪೆಯಿಲ್ಲ, ತಿರುಳಿಲ್ಲ ಅದಕ್ಕೆ.
ಕಲ್ಲಿದ್ದಲ ಡಾಂಬರಿನಿಂದ ಬಸಿದು ಆಮ್ಲ ಕುಡಿಸಿದ್ದು;
ಆರು ಮೂಲೆಯ ಉಂಗುರವಂತೆ, ಎಷ್ಟೋ ವರ್ಷದ ಮೇಲೆ ಓದಿದೆ.
ಆಗ ಗೊತ್ತಿದ್ದದ್ದು, ಶನಿವಾರ ಸಂಜೆ ತಲೆ ಸಿಡಿಯುತ್ತದೆ.
ಒಲೆಯ ಹೊಗೆ, ಅಂದುಕೊಂಡೆ.

ಗಾಸ್ಪರೆಯ ಭಾವಮೈದುನ ಗೋಧಿಯ ಕಣಜಕ್ಕೆ ಬಿದ್ದು ಸತ್ತ.
ಸಾವಿನ ಮನೆಗೆ ಕಪ್ಪು ಬೂಟು ಬೇಕು.
ಇದ್ದದ್ದು ಒಂದೇ ಜೊತೆ, ಕಂದು, ಮದುವೆಯದು.
"ಆರಲಿ, ನಾಳೆ ಬಾ" ಎನ್ನಬೇಕಿತ್ತು.
ಎರಡು ಸಲ ಬಳಿದೆ. ಹತ್ತು ಸೆಂಟು ಇಸಿದುಕೊಂಡೆ.

ರಾತ್ರಿಯಿಡೀ ಹೆಣದ ಸುತ್ತ ಕೂತರು.
ಬೂಟು ತೇವ, ಕಾಲುಚೀಲ ತೇವ,
ಬೆಂಕಿಗೆ ಚಾಚಿದ ಪಾದ ಬೆಚ್ಚಗೆ.
ಬಾಯಿ ತೆರೆಯಲಿ ಎಂದು ಕಾಯುವುದಿಲ್ಲ ಅದು,
ಚರ್ಮವೇ ಅದಕ್ಕೆ ಹೊಸ್ತಿಲು.
ಮೇಲೆ ಎರಡು ಲೋಟ ವೈನು:
ನಂಜಿಗೆ ಹಾಸಿದ ನಡೆಮಡಿ.
ಮೂರು ಗಂಟೆಗೆ ಕಲೊಜೆರಾ ದೀಪ ಎತ್ತಿ ನೋಡಿದಳು.
ಕೊರಳಲ್ಲಿ ನಿಲ್ಲುವ ನೀಲಿಯಲ್ಲ,
ಗಂಡನ ತುಟಿ, ಉಗುರು, ಕಿವಿಯ ಹಾಲೆ.
ಪೆಟ್ಟಿಗೆಯಲ್ಲಿದ್ದವನೇ ಹೆಚ್ಚು ಕೆಂಪಗಿದ್ದ.
ಚಳಿ ಎಂದರು. ದುಃಖ ಎಂದರು.
ಇನ್ನೊಂದು ಲೋಟ ಕೊಟ್ಟರು.

ಡಾಕ್ಟರು ಸೂಜಿಗೆಳೆದ ರಕ್ತ ಕೊಕೊ ಕುದಿಸಿದ ಬಣ್ಣ.
ಉಸಿರಿದೆ, ಗಾಳಿಯಿದೆ, ಹೊರುವವರಿಲ್ಲ;
ರಕ್ತದ ಹಮಾಲರೆಲ್ಲ ಬುಟ್ಟಿ ಕವುಚಿ ಕೂತಿದ್ದಾರೆ.
ಮುದುಕ ಬಗ್ಗಿ ಮೂಸಿದ್ದು ಬಾಯನ್ನಲ್ಲ, ಬೂಟನ್ನು.
"ಬಿಚ್ಚಿ. ಕಾಲು ತೊಳೆಯಿರಿ. ಸೋಪು ತನ್ನಿ."
ಕಲೊಜೆರಾ ತಂದ ಸೋಪನ್ನೂ ಮೂಸಿ
ಕಿಟಕಿಯಾಚೆ ಹಿಮಕ್ಕೆ ಎಸೆದ.
ಅದಕ್ಕೂ ಅದೇ ಅತ್ತರು.

ಬದುಕಿದ. ಆರನೇ ದಿನ
ಯಾರದೋ ದೊಡ್ಡ ಬೂಟು ಎಳೆಯುತ್ತ ಅಂಗಡಿಗೆ ಬಂದ.
ಬೈಯಲಿಲ್ಲ. ಸೀಸೆಯತ್ತ ನೋಡಲೂ ಇಲ್ಲ.
"ಲಿಬೊರಿಯೊ, ಕೈ ತೊಳೆದು ತೋರಿಸು," ಅಂದ.
ಉಜ್ಜಿದೆ, ಮರಳು ಹಾಕಿ ಉಜ್ಜಿದೆ,
ಕಪ್ಪು ಹೋಯಿತು.
ಉಗುರಿನ ಅಡಿ ಉಳಿದದ್ದು ಹೋಗಲಿಲ್ಲ.
ಇಷ್ಟು ದಿನ ಅದನ್ನೂ
ಬಣ್ಣವೆಂದೇ ತಿಳಿದಿದ್ದೆ.