ಹಳದಿ ಬಾವುಟ

ಬೆಳಿಗ್ಗೆ ಆರಕ್ಕೆ ಮಾಸ್ಕು ಬಿಳಿ, ಗರಿಗರಿ.
ಏಳೂವರೆಗೆ ಅದು ಒದ್ದೆ ಬಟ್ಟೆ.
ಒಳಗೆ ನನ್ನದೇ ಉಸಿರು, ನಿನ್ನೆಯ ಈರುಳ್ಳಿ,
ತುಕ್ಕಿನ ರುಚಿಯ ಬೆವರು.
ಆಚೆ ಕಳಿಸಿದ ಗಾಳಿ ಹೋಗುವುದೇ ಇಲ್ಲ,
ಕೈಸಾಲ ಕೇಳಲು ಬಂದವನ ಹಾಗೆ
ಬಾಗಿಲಲ್ಲೇ ನಿಂತು ಮತ್ತೆ ಒಳಗೆ ಬರುತ್ತದೆ.

ಸೊಹಾರ್ ಬಂದರಿನ ಪಕ್ಕ, ಹಳೇ ಪೈಪುಗಳ ಮೈಯಿಂದ
ಉಣ್ಣೆ ಬಿಚ್ಚುವ ಕೆಲಸ.
ಕುರಿಯದ್ದಲ್ಲ, ಕಲ್ಲು ಕರಗಿಸಿ ನೂತದ್ದು;
ಮುಟ್ಟಿದರೆ ತುರಿಕೆ, ಒಳಗೆ ಹೋದರೆ ಕೆಮ್ಮು.
ಮಾಸ್ಕು ತೆಗೆದರೆ ದೂಳು,
ತೆಗೆಯದಿದ್ದರೆ ಸೆಕೆ.
ನಡುವೆ ನಾನು: ಕೊರಳಲ್ಲಿ ಸೀಟಿ,
ಕೈಯಲ್ಲಿ ಸೆಕೆ ಅಳೆಯುವ ಯಂತ್ರ.
ಯಂತ್ರ ಹೇಳಿದ ಹಾಗೆ ಕಂಬಕ್ಕೆ ಬಾವುಟ ಏರಿಸುತ್ತೇನೆ,
ಹಸಿರು, ಹಳದಿ, ಕೆಂಪು.
ಕರಿಯದೂ ಒಂದಿದೆ. ಅದರ ಮಡಿಕೆ ಇನ್ನೂ ಬಿಚ್ಚಿಲ್ಲ.

ತರಬೇತಿಯಲ್ಲಿ ಹೇಳಿದ್ದರು, ಮುಖ ನೋಡುತ್ತಿರು.
ಎಲ್ಲಿಯ ಮುಖ?
ಹೆಲ್ಮೆಟ್ಟು, ಹಬೆ ಹಿಡಿದ ಕನ್ನಡಕ, ಮಾಸ್ಕು,
ಕುತ್ತಿಗೆಗೆ ಸುತ್ತಿದ ಪಂಜಿ.
ನಡಿಗೆಯಿಂದ ಗುರುತು ಹಿಡಿಯುತ್ತೇನೆ:
ಎಡಕ್ಕೆ ವಾಲಿದವನು ಸಿಲ್ಹೆಟ್ಟಿನ ಮೊಫಿಜುಲ್,
ಎರಡೆರಡು ಮೆಟ್ಟಿಲು ಹಾರುವವನು ದೌಲಸಾಬ, ಅಫಜಲಪುರದ ಕಡೆಯವ.
ಅವನ ಕ್ಯಾಂಪು ಬೇರೆ, ಬಸ್ಸು ಬೇರೆ.
ಊಟಕ್ಕೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ;
ಫ್ಯಾನಿನ ಗಾಳಿಗೆಂದುಕೊಂಡಿದ್ದೆ.

ಮಾಸ್ಕಿನೊಳಗೆ ಎಲ್ಲರ ಮಾತೂ ಮೂಗಿನಲ್ಲೇ ಹುಟ್ಟುತ್ತದೆ,
ಪಾನಿ ಮಾನಿಯಾಗಿ, ಬಣ್ಣ ಮಣ್ಣಾಗಿ.
“ಇವತ್ತ ಯಾವ ಮಣ್ಣರೀ ಸಾಹೇಬ್ರ?”
ದಿನಾ ಅವನು ಕೂಗುತ್ತಿದ್ದ, ಅಟ್ಟಣಿಗೆಯ ಮೇಲಿಂದ.
“ಹಳದಿ ಮಣ್ಣೋ ಮಾರಾಯ” ಎಂದು ನಾನೂ.

ಜೂನ್ ಹದಿನೇಳು, ಹನ್ನೊಂದೂ ಮುಕ್ಕಾಲು.
ಸರ್ಕಾರದ ವಿರಾಮಕ್ಕೆ ಇನ್ನೂ ಮುಕ್ಕಾಲು ಗಂಟೆ,
ಕೆಂಪಿಗೆ ಇನ್ನೂ ಅರ್ಧ ಡಿಗ್ರಿ.
ಮಾಸ್ಕಿನೊಳಗಿನ ಹವೆ ಅಳೆಯುವ ಯಂತ್ರ
ನನಗೆ ಯಾರೂ ಕೊಟ್ಟಿರಲಿಲ್ಲ.
ನೋಡುತ್ತಲೇ ಇದ್ದೆ: ಎರಡೆರಡು ಮೆಟ್ಟಿಲು ಒಂದೊಂದಾಯಿತು,
ಆಮೇಲೆ ಒಂದೂ ಆಗಲಿಲ್ಲ.

ನೆರಳಿಗೆ ಎಳೆದೆವು. ಕಿವಿಯ ಹಿಂದೆ ದಾರ ಹೂತು ಹೋಗಿತ್ತು.
ಮಾಸ್ಕು ಕಿತ್ತರೆ ಒಳಗಿಂದ
ಅರ್ಧ ಲೋಟದಷ್ಟು ನೀರು ಸುರಿಯಿತು.
ಕಣ್ಣಿನ ಕೆಳಗೊಂದು ಗೆರೆ,
ಮೇಲೆ ಸೀದ ರೊಟ್ಟಿ, ಕೆಳಗೆ ಹಸಿ ಹಿಟ್ಟು.
ಆ ಹಸಿಯಲ್ಲಿ ಮೇಲ್ದುಟಿ
ಮೂಗಿನವರೆಗೆ ಸೀಳಿತ್ತು; ಎಂದೋ, ಯಾರೋ
ಗೋಣಿಚೀಲದ ಬಾಯಿ ಕಟ್ಟಿದ ಹಾಗೆ
ಅವಸರದಲ್ಲಿ ಹೊಲಿದದ್ದು.

ಬಗಲಿಗೆ ಐಸು, ಕತ್ತಿಗೆ ಐಸು.
ಮೊಫಿಜುಲ್ ರಟ್ಟಿನ ತುಂಡಿನಿಂದ ಗಾಳಿ ಬೀಸಿದ.
ಕಣ್ಣು ಬಿಟ್ಟವನು ನೀರು ಕೇಳಲಿಲ್ಲ.
ಒಂದು ಕೈ ಬಾಯಿ ಮುಚ್ಚಿತು,
ಇನ್ನೊಂದು ನೆಲ ತಡವಿ ಮಾಸ್ಕು ಹುಡುಕಿತು.
“ಮಿಡ್ರೀ ಸಾಹೇಬ್ರ, ಮಿಡ್ರಿ.”
ಅದೇ ದನಿ.
ಐದು ತಿಂಗಳು ನಾವೆಲ್ಲ ಅವನ ಹಾಗೆ ಮಾತಾಡಿದ್ದೆವು.
ಇಷ್ಟು ಜನ ಅವನ ಭಾಷೆ ಆಡಿದ ಊರು
ಅವನಿಗೆ ಇದೊಂದೇ ಇತ್ತೇನೋ.

ಒದ್ದೆ ಮಾಸ್ಕು ಮತ್ತೆ ಕೊಡುವಂತಿಲ್ಲ.
ಕೊಡಲಿಲ್ಲ. ತಿರುಗಿ ಕೂತೆ.
ಸುತ್ತ ನಿಂತವರಿಗೂ ಕೈ ಮಾಡಿದೆ, ತಿರುಗಿ ಎಂದು.
ಏಳು ಜನ ಸಮುದ್ರದ ಕಡೆ ಮುಖ ಮಾಡಿದರು,
ಅಲ್ಲಿ ನೋಡಲು ಏನೂ ಇರಲಿಲ್ಲ, ಒಂದು ಹಡಗೂ.
ಬೆನ್ನ ಹಿಂದೆ ಅವನು ನೀರು ಕುಡಿಯುವ ಸದ್ದು,
ಸ್ವಲ್ಪ ಚೆಲ್ಲುವ ಸದ್ದು.

ಆಮೇಲೆ ಕಂಬದ ಹತ್ತಿರ ಹೋಗಿ ಕೆಂಪು ಏರಿಸಿದೆ.
ಯಂತ್ರ ಇನ್ನೂ ಅರ್ಧ ಡಿಗ್ರಿ ಕೆಳಗೇ ಇತ್ತು.